ಕಾಲೇಜಿನ ಅರ್ಜಿ: ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ?

ಅಮೆರಿಕದಲ್ಲಿ ಕಾಲೇಜು ಸೇರಬೇಕೆನ್ನುವ ಹೈಸ್ಕೂಲ್ ಮಕ್ಕಳು ಬರೆಯುವ ಪರೀಕ್ಷೆಗಳಲ್ಲಿ ಎಸಿಟಿ ಒಂದು. 1997ರವರೆಗೆ ಅದನ್ನು ಬರೆದವರು ತಮ್ಮ ಅಂಕಗಳನ್ನು ಮೂರು ಕಾಲೇಜುಗಳಿಗೆ ಪುಕ್ಕಟೆಯಾಗಿ ಕಳಿಸಬಹುದಿತ್ತು. ನಾಲ್ಕನೆಯದಕ್ಕೆ 6 ಡಾಲರ್ ಕೊಡಬೇಕಿತ್ತು. ಆ ವರ್ಷ ನಾಲ್ಕನೆಯದನ್ನೂ ಪುಕ್ಕಟೆ ಮಾಡಿದರು. ಬೇರೇನೂ ಬದಲಾಗಲಿಲ್ಲ. ಪಾಠ ಅದೇ, ಪರೀಕ್ಷೆ ಅದೇ, ಕಾಲೇಜುಗಳೂ ಅವೇ.

ಬದಲಾಗಿದ್ದು ಮಕ್ಕಳ ಆಯ್ಕೆ. ಮೂರಕ್ಕೇ ನಿಲ್ಲಿಸುತ್ತಿದ್ದವರಲ್ಲಿ ಬಹಳಷ್ಟು ಮಂದಿ ನಾಲ್ಕು ಕಡೆ ಕಳಿಸತೊಡಗಿದರು. ಅರ್ಥಶಾಸ್ತ್ರಜ್ಞೆ ಅಮಾಂಡಾ ಪಲೈಸ್ ಈ ಲೆಕ್ಕ ತೆಗೆದು ನೋಡಿದಾಗ, ಬಡ ಮನೆಯ ಮಕ್ಕಳು ಮೊದಲಿಗಿಂತ ಮೇಲ್ಮಟ್ಟದ ಕಾಲೇಜುಗಳಿಗೆ ಸೇರಿದ್ದು ಕಂಡುಬಂತು. 6 ಡಾಲರ್ ಇರಲಿಲ್ಲ ಅಂತ ಅಲ್ಲ. 'ಮೂರು ಪುಕ್ಕಟೆ' ಎಂದು ಕೊಟ್ಟರೆ, 'ಮೂರು ಸಾಕು' ಎಂದು ದೊಡ್ಡವರೇ ಹೇಳಿದ ಹಾಗೆ ಮಕ್ಕಳಿಗೆ ಕೇಳಿಸಿರಬೇಕು. ಮನೆಯಲ್ಲಿ ಕಾಲೇಜು ಓದಿದವರು ಇದ್ದರೆ 'ಹಾಗಲ್ಲಪ್ಪ, ಇನ್ನೂ ನಾಲ್ಕು ಕಡೆ ಹಾಕು' ಅನ್ನುತ್ತಾರೆ. ಇಲ್ಲದಿದ್ದರೆ ಹೇಳುವವರು ಯಾರು?

ಕಾಲೇಜು ಆರಿಸುವ ವಿಷಯ ಬಂದಾಗಲೆಲ್ಲ ನನಗೆ ಈ 6 ಡಾಲರ್ ನೆನಪಾಗುತ್ತದೆ. ನಾವು ಮಕ್ಕಳ ಕನಸು, ಛಲ, ಬುದ್ಧಿವಂತಿಕೆಯ ಬಗ್ಗೆ ಬಹಳ ಮಾತಾಡುತ್ತೇವೆ. ಆದರೆ ಎಷ್ಟೋ ಮಕ್ಕಳು ನಿಂತುಹೋಗುವುದು ಒಂದು ಫಾರಂನಲ್ಲಿ, ಅರ್ಥವಾಗದ ಒಂದು ಪದದಲ್ಲಿ, ಯಾರೂ ನೆನಪಿಸದ ಒಂದು ತಾರೀಖಿನಲ್ಲಿ. ಕಳೆದ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಸಂಶೋಧಕರು ಇದನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಯಾವ ಸಹಾಯ ಕೆಲಸಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎನ್ನುವುದಕ್ಕೆ ಈಗ ಸಾಕಷ್ಟು ಆಧಾರ ಇದೆ. ಆದರೂ ಶಾಲೆಗಳಲ್ಲಿ ಕೆಲಸಕ್ಕೆ ಬಾರದ್ದೇ ಜಾಸ್ತಿ ನಡೆಯುತ್ತಿದೆ ಅನ್ನುವುದು ಬೇಸರದ ಸಂಗತಿ.

ಮೊದಲು ಸಮಸ್ಯೆ ಎಷ್ಟು ದೊಡ್ಡದು ನೋಡೋಣ. ಕ್ಯಾರೊಲಿನ್ ಹಾಕ್ಸ್‌ಬಿ ಮತ್ತು ಕ್ರಿಸ್ಟೋಫರ್ ಏವರಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಜನರ ಕಣ್ಣು ತೆರೆಸಿತು. ಒಳ್ಳೆಯ ಅಂಕ ತೆಗೆದ ಬಡ ಮಕ್ಕಳಲ್ಲಿ ಹೆಚ್ಚಿನವರು ಮೇಲ್ಮಟ್ಟದ ಒಂದು ಕಾಲೇಜಿಗೂ ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಹಾಕಿದ್ದರೆ ಸೀಟು ಸಿಗುತ್ತಿತ್ತು. ಹಾಕಿದ ಕೆಲವರು ಶ್ರೀಮಂತ ಮಕ್ಕಳಷ್ಟೇ ಚೆನ್ನಾಗಿ ಓದಿ ಪದವಿ ಮುಗಿಸುತ್ತಿದ್ದರು. ಇನ್ನೊಂದು ಸಂಗತಿ ಕೇಳಿ. ಆ ಮಕ್ಕಳಿಗೆ ದೊಡ್ಡ ಕಾಲೇಜುಗಳೇ ಎಷ್ಟೋ ಸಲ ಅಗ್ಗವಾಗಿ ಬೀಳುತ್ತಿದ್ದವು. ದೊಡ್ಡ ನಿಧಿ ಇರುವ ಕಾಲೇಜು ಬಡ ಮಕ್ಕಳಿಗೆ ಜಾಸ್ತಿ ನೆರವು ಕೊಡುತ್ತದೆ. ಪಕ್ಕದ ಸಣ್ಣ ಕಾಲೇಜಿಗೆ ಅಷ್ಟು ಶಕ್ತಿ ಇರುವುದಿಲ್ಲ.

ಅಂದರೆ ವೆಬ್‌ಸೈಟಿನಲ್ಲಿ ಕಾಣುವ ಶುಲ್ಕ ಒಂದು, ಕೈಯಿಂದ ಕೊಡುವುದು ಇನ್ನೊಂದು. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದ ಮನೆಯಲ್ಲಿ ಮೊದಲ ಅಂಕಿ ನೋಡಿದ ಕೂಡಲೇ ಮಾತು ಮುಗಿದುಹೋಗುತ್ತದೆ. 2011ರಿಂದ ಅಮೆರಿಕದ ಕಾಲೇಜುಗಳು ತಮ್ಮ ವೆಬ್‌ಸೈಟಿನಲ್ಲಿ 'ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್' ಇಡಲೇಬೇಕು ಎಂಬ ನಿಯಮ ಇದೆ. ಮನೆಯ ಆದಾಯ ಹಾಕಿದರೆ ನಿಮಗೆ ಸುಮಾರು ಎಷ್ಟು ಬೀಳುತ್ತದೆ ಎಂದು ಅದು ತೋರಿಸುತ್ತದೆ. ಮಗು ಒಂದು ಕಾಲೇಜಿನ ಹೆಸರು ಹೇಳಿದಾಗ 'ಅದು ನಮ್ಮಂಥವರಿಗಲ್ಲ' ಅನ್ನುವ ಮೊದಲು ಇದನ್ನು ಒಮ್ಮೆ ತುಂಬಿ ನೋಡಬೇಕು. ಹದಿನೈದು ನಿಮಿಷದ ಕೆಲಸ.

ಹಾಗಾದರೆ ಮಾಹಿತಿ ಕೊಟ್ಟರೆ ಸಾಕಲ್ವಾ? ಎಲ್ಲರೂ ಮೊದಲು ಹಾಗೇ ಅಂದುಕೊಂಡರು. ಹಾಕ್ಸ್‌ಬಿ ಮತ್ತು ಸಾರಾ ಟರ್ನರ್ ಒಂದು ಪ್ರಯೋಗ ಮಾಡಿದರು. ಒಬ್ಬ ವಿದ್ಯಾರ್ಥಿಗೆ ಸುಮಾರು 6 ಡಾಲರ್ ಖರ್ಚಿನಲ್ಲಿ ಕಾಲೇಜುಗಳ ವಿವರ, ಅವುಗಳ ನಿಜವಾದ ಖರ್ಚು, ಅರ್ಜಿ ಶುಲ್ಕದ ವಿನಾಯಿತಿ ಎಲ್ಲವನ್ನೂ ಒಂದು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿದರು. ಒಳ್ಳೆಯ ಫಲ ಸಿಕ್ಕಿತು. ಆಮೇಲೆ ಎಸ್‌ಎಟಿ ಎಂಬ, ಎಸಿಟಿಯಂಥದೇ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆ ಅದೇ ಮಾದರಿಯನ್ನು ಲಕ್ಷಾಂತರ ಮಕ್ಕಳಿಗೆ ವಿಸ್ತರಿಸಿತು. ಈ ಸಲ ಮಕ್ಕಳು ಸೇರಿದ ಕಾಲೇಜುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಆಗಲಿಲ್ಲ. ಹಣಕಾಸು ನೆರವಿನ ಅರ್ಜಿ ತುಂಬಿ ಎಂದು 8 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಸಂದೇಶ ಕಳಿಸಿದ ಇನ್ನೊಂದು ದೊಡ್ಡ ಪ್ರಯೋಗದ ಕಥೆಯೂ ಇದೇ. ಅದರ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಪರಿಣಾಮ ಸೊನ್ನೆ.

ಈಗ ಇನ್ನೊಂದು ಪ್ರಯೋಗ ನೋಡಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ.

ಅಮೆರಿಕದಲ್ಲಿ ಸರ್ಕಾರದ ನೆರವು ಬೇಕೆಂದರೆ 'ಫಾಫ್ಸಾ' ಎಂಬ ಅರ್ಜಿ ತುಂಬಬೇಕು. ಮನೆಯ ಆದಾಯ, ತೆರಿಗೆ, ಉಳಿತಾಯ ಎಲ್ಲ ಅದರಲ್ಲಿ ಬರೆಯಬೇಕು. ಆಗ ಅದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಎರಿಕ್ ಬೆಟಿಂಗರ್, ಬ್ರಿಜೆಟ್ ಟೆರಿ ಲಾಂಗ್ ಮತ್ತು ಅವರ ಸಂಗಡಿಗರು ಎಚ್ ಅಂಡ್ ಆರ್ ಬ್ಲಾಕ್ ಎಂಬ ತೆರಿಗೆ ಸೇವಾ ಕಂಪನಿಯ ಜೊತೆ ಸೇರಿ ಒಹಾಯೊದಲ್ಲೂ ಉತ್ತರ ಕ್ಯಾರೊಲಿನಾದಲ್ಲೂ ಒಂದು ಕೆಲಸ ಮಾಡಿದರು. ತೆರಿಗೆ ಲೆಕ್ಕ ಸಲ್ಲಿಸಲು ಜನ ಹೇಗೂ ಅಲ್ಲಿಗೆ ಬರುತ್ತಾರೆ. ಆದಾಯದ ಕಾಗದ ಎಲ್ಲ ಆಗಲೇ ಮೇಜಿನ ಮೇಲಿರುತ್ತದೆ. 'ಮನೆಯಲ್ಲಿ ಕಾಲೇಜಿಗೆ ಹೋಗುವ ಮಗು ಇದೆಯಾ? ಬನ್ನಿ, ಈ ಅರ್ಜಿಯನ್ನೂ ಈಗಲೇ ತುಂಬಿಬಿಡೋಣ' ಎಂದು ಅಲ್ಲಿನ ಸಿಬ್ಬಂದಿ ಕೂತು ತುಂಬಿಸಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಇನ್ನೊಂದು ಗುಂಪಿಗೆ ಮಾಹಿತಿ ಮಾತ್ರ ಕೊಟ್ಟರು. ನಿಮಗೆ ಇಷ್ಟು ನೆರವು ಸಿಗಬಹುದು ಎಂದು ಲೆಕ್ಕ ಹಾಕಿ ಕೈಗಿತ್ತರು, ಅರ್ಜಿ ಮಾತ್ರ ತುಂಬಿಸಲಿಲ್ಲ.

ಕೂತು ತುಂಬಿಸಿದ ಮನೆಗಳ ಹೈಸ್ಕೂಲ್ ಮಕ್ಕಳಲ್ಲಿ, ಮುಂದಿನ ಮೂರು ವರ್ಷಗಳಲ್ಲಿ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ. 28ರಿಂದ ಶೇ. 36ಕ್ಕೆ ಏರಿತು. ಮಾಹಿತಿ ಮಾತ್ರ ಪಡೆದ ಗುಂಪಿನಲ್ಲಿ ಏನೂ ಆಗಲಿಲ್ಲ.

ಹತ್ತು ನಿಮಿಷ ಪಕ್ಕದಲ್ಲಿ ಕೂತಿದ್ದಕ್ಕೆ ನೂರರಲ್ಲಿ ಎಂಟು ಮಕ್ಕಳ ದಾರಿ ಬದಲಾಯಿತು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಡೆದ ಪ್ರಯೋಗವೊಂದರಲ್ಲೂ ಹೀಗೇ ಆಯಿತು. ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ವಾರಕ್ಕೊಮ್ಮೆ ಹೈಸ್ಕೂಲ್ ಕೊನೆಯ ವರ್ಷದ ಮಕ್ಕಳ ಜೊತೆ ಕೂತು ಅರ್ಜಿ ಹಾಕಿಸಿದರು. ಹುಡುಗಿಯರಲ್ಲಿ ಕಾಲೇಜು ಸೇರಿದವರ ಪ್ರಮಾಣ ಸುಮಾರು 15 ಶೇಕಡಾ ಅಂಶ ಜಾಸ್ತಿಯಾಯಿತು. ಹುಡುಗರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಬರೀ ಹಣದ ಆಸೆ ತೋರಿಸಿದರೂ, ಬರೀ ಮಾಹಿತಿ ಕೊಟ್ಟರೂ ಏನೂ ಆಗಲಿಲ್ಲ.

ಮಿಷಿಗನ್ ವಿಶ್ವವಿದ್ಯಾಲಯ 2015ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಚೆನ್ನಾಗಿ ಓದುವ ಬಡ ಮಕ್ಕಳಿಗೆ ಒಂದು ಪತ್ರ ಕಳಿಸಿತು. 'ನಿಮಗೆ ಸೀಟು ಸಿಕ್ಕರೆ ನಾಲ್ಕು ವರ್ಷ ಬೋಧನಾ ಶುಲ್ಕ ಇಲ್ಲ. ಇದು ಖಚಿತ. ಇದಕ್ಕಾಗಿ ನೆರವಿನ ಫಾರಂ ತುಂಬಬೇಕಿಲ್ಲ.' ಪತ್ರ ಮಗುವಿಗೂ ಹೋಯಿತು, ತಂದೆತಾಯಿಗೂ ಹೋಯಿತು, ಶಾಲೆಯ ಮುಖ್ಯಸ್ಥರಿಗೂ ಹೋಯಿತು. ಈ ಮಕ್ಕಳಲ್ಲಿ ಬಹುತೇಕ ಎಲ್ಲರಿಗೂ ಅಷ್ಟು ನೆರವು ಹೇಗೂ ಸಿಗುತ್ತಿತ್ತು. ಹೊಸದಾಗಿ ಕೊಟ್ಟಿದ್ದು ಭರವಸೆ ಮಾತ್ರ. ಪತ್ರ ಬಂದ ಮಕ್ಕಳಲ್ಲಿ ಶೇ. 68ರಷ್ಟು ಅರ್ಜಿ ಹಾಕಿದರು. ಬಾರದವರಲ್ಲಿ ಶೇ. 26. ಸೇರಿದವರ ಪ್ರಮಾಣ ಶೇ. 12ರಿಂದ ಶೇ. 27ಕ್ಕೆ ಹೋಯಿತು. 'ಸಿಗಬಹುದು' ಅನ್ನುವುದಕ್ಕೂ 'ಸಿಗುತ್ತದೆ' ಅನ್ನುವುದಕ್ಕೂ ಇಷ್ಟು ಅಂತರ. ಬಡವರ ಮನೆಯಲ್ಲಿ 'ಬಹುದು' ನಂಬಿ ಯಾರೂ ಹೆಜ್ಜೆ ಇಡುವುದಿಲ್ಲ. ಇಡಬೇಕೆಂದು ನಾವು ಕೇಳುವುದೂ ಸರಿಯಲ್ಲ.

ಫಾರಂ ಎಷ್ಟು ದೊಡ್ಡ ಅಡ್ಡಿ ಅನ್ನುವುದು 2024ರಲ್ಲಿ ಇಡೀ ದೇಶಕ್ಕೇ ಗೊತ್ತಾಯಿತು. ಫಾಫ್ಸಾವನ್ನು ಸರಳ ಮಾಡಬೇಕೆಂದು 2020ರಲ್ಲಿ ಕಾನೂನು ಆಯಿತು. ಉದ್ದೇಶ ಬಹಳ ಒಳ್ಳೆಯದು. ಆದರೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ತೆರೆಯುವ ಅರ್ಜಿ ಆ ಸಲ 2023ರ ಡಿಸೆಂಬರ್ ಕೊನೆಗೆ ತೆರೆಯಿತು. ತೆರೆದ ಮೇಲೂ ತೊಡಕೋ ತೊಡಕು. ತಂದೆತಾಯಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲದ ಮಕ್ಕಳು ತಿಂಗಳುಗಟ್ಟಲೆ ಅರ್ಜಿ ಮುಗಿಸಲಾಗದೆ ಒದ್ದಾಡಿದರು. ಕಾಲೇಜುಗಳಿಗೆ ವಿವರ ಹೋಗಲು ಶುರುವಾಗಿದ್ದೇ ಮಾರ್ಚ್‌ನಲ್ಲಿ. ಅನೇಕ ಕಾಲೇಜುಗಳು ಸೀಟು ಒಪ್ಪಿಕೊಳ್ಳುವ ಮೇ 1ರ ಗಡುವನ್ನು ಮುಂದೂಡಬೇಕಾಯಿತು. ಆ ವರ್ಷ ಅರ್ಜಿ ಪೂರ್ತಿ ಮಾಡಿದ ಹೈಸ್ಕೂಲ್ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಇಳಿಯಿತು.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ಯಾರು ಇರಬೇಕು? ಶಾಲೆಯ ಕೌನ್ಸೆಲರ್. ಅಮೆರಿಕದ ಶಾಲಾ ಕೌನ್ಸೆಲರ್‌ಗಳ ಸಂಘದ ಪ್ರಕಾರ 250 ಮಕ್ಕಳಿಗೆ ಒಬ್ಬರಾದರೂ ಇರಬೇಕು. 2022-23ರಲ್ಲಿ ದೇಶದ ಸರಾಸರಿ 385 ಮಕ್ಕಳಿಗೆ ಒಬ್ಬರು. ಅವರಿಗೆ ಕಾಲೇಜು ಒಂದೇ ಕೆಲಸವೂ ಅಲ್ಲ. ವೇಳಾಪಟ್ಟಿ, ಪರೀಕ್ಷೆ ಏರ್ಪಾಡು, ಮಕ್ಕಳ ಮನಸ್ಸಿನ ಕಷ್ಟ, ಎಲ್ಲವೂ ಅವರ ತಲೆಯ ಮೇಲೆ. ಹಾಗಾಗಿ ಹಣ ಇದ್ದವರು ಖಾಸಗಿ ಸಲಹೆಗಾರರನ್ನು ಹಿಡಿಯುತ್ತಾರೆ. ಇಲ್ಲದವರಿಗೆ ಯಾರಾದರೂ ನೆಂಟರು, ಒಬ್ಬ ಟೀಚರ್, ಮೊದಲೇ ಕಾಲೇಜು ಸೇರಿದ ಅಕ್ಕನೋ ಅಣ್ಣನೋ ದಿಕ್ಕು. ಇದನ್ನು ಓದುತ್ತಿರುವ ನೀವೂ ಅಂಥ ಒಬ್ಬರಾಗಿರಬಹುದು. ಮುಂದಿನ ಮಾತು ನಿಮಗೇ.

ಕಾಲೇಜಿನ ಪಟ್ಟಿ ಮಾಡುವಾಗ ಎಲ್ಲರೂ ಮೊದಲು ನೋಡುವುದು ರ‍್ಯಾಂಕ್. 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಏನಾಯಿತು ನೆನಪಿದೆಯಾ? ಅದು ಯುಎಸ್ ನ್ಯೂಸ್ ಪತ್ರಿಕೆಯ ಕಾಲೇಜು ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ಕೂತು, ವಿಶ್ವವಿದ್ಯಾಲಯ ಆ ಪಟ್ಟಿಗೆ ಕೊಟ್ಟಿದ್ದ ಅಂಕಿಗಳನ್ನು ತಾಳೆ ನೋಡಿ, ಇವು ಸರಿಯಿಲ್ಲ ಎಂದು ಬರೆದರು. ಮುಂದಿನ ಪಟ್ಟಿಯಲ್ಲಿ ಕೊಲಂಬಿಯಾ 18ಕ್ಕೆ ಇಳಿಯಿತು. ಪಾಠ ಮಾಡುವವರು ಅವರೇ, ಗ್ರಂಥಾಲಯ ಅದೇ.

ರ‍್ಯಾಂಕ್‌ಗಿಂತ ನಾನು ಮೊದಲು ನೋಡುವ ಅಂಕಿ ಬೇರೆ. ಸೇರಿದವರಲ್ಲಿ ಎಷ್ಟು ಮಂದಿ ಪದವಿ ಮುಗಿಸುತ್ತಾರೆ? ಅಮೆರಿಕದಲ್ಲಿ ಕಾಲೇಜು ಸೇರಿದವರಲ್ಲಿ ಆರು ವರ್ಷದೊಳಗೆ ಓದು ಮುಗಿಸುವವರು ಸುಮಾರು ಶೇ. 60 ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿಗೆ ಸಾಲ ಉಳಿಯುತ್ತದೆ, ಪದವಿ ಇರುವುದಿಲ್ಲ. ಅದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ಸರ್ಕಾರದ 'ಕಾಲೇಜ್ ಸ್ಕೋರ್‌ಕಾರ್ಡ್' ವೆಬ್‌ಸೈಟಿನಲ್ಲಿ ಪ್ರತಿ ಕಾಲೇಜಿನ ಈ ಅಂಕಿ ಇದೆ. ಓದಿದವರ ಸಾಲ, ಆಮೇಲಿನ ಸಂಬಳ ಕೂಡ ಇದೆ. ಬಾಟಮ್ ಲೈನ್ ಎಂಬ ಸಂಸ್ಥೆ ಒಬ್ಬೊಬ್ಬ ವಿದ್ಯಾರ್ಥಿಯ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡುತ್ತದೆ. ಅದರ ಮಕ್ಕಳಲ್ಲಿ ಪದವಿ ಮುಗಿಸುವವರು ಹೆಚ್ಚಾದರು ಎಂದು ಆ್ಯಂಡ್ರೂ ಬಾರ್ ಮತ್ತು ಬೆಂಜಮಿನ್ ಕ್ಯಾಸಲ್‌ಮನ್ ಅಳೆದು ತೋರಿಸಿದ್ದಾರೆ. ಹೆಚ್ಚು ಮಂದಿ ಓದು ಮುಗಿಸುವ ಕಾಲೇಜುಗಳ ಕಡೆಗೆ ಮಕ್ಕಳನ್ನು ಒಯ್ದದ್ದು ಇದಕ್ಕೆ ದೊಡ್ಡ ಕಾರಣ.

ದೊಡ್ಡ ಹೆಸರಿನ ಕಾಲೇಜಿನಿಂದ ಏನೂ ಪ್ರಯೋಜನ ಇಲ್ಲವೇ? ಇದೆ, ಆದರೆ ಎಲ್ಲರಿಗೂ ಒಂದೇ ರೀತಿ ಅಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಒಂದೇ ಮಟ್ಟದ ಮಕ್ಕಳನ್ನು ಹೋಲಿಸಿ ನೋಡಿದಾಗ, ಹೆಚ್ಚಿನವರಿಗೆ ಕಾಲೇಜಿನ ಹೆಸರಿನಿಂದ ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಲಾಭ ಕಂಡಿದ್ದು ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳಲ್ಲಿ, ತಂದೆತಾಯಿ ಹೆಚ್ಚು ಓದಿರದ ಮಕ್ಕಳಲ್ಲಿ. ಯಾರು ಅರ್ಜಿ ಹಾಕಲು ಹಿಂಜರಿಯುತ್ತಾರೋ ಅವರಿಗೇ ಅದರಿಂದ ಜಾಸ್ತಿ ಉಪಯೋಗ. ಬಲವಂತ ಮಾಡಿಯಾದರೂ ಅಂಥ ಮಕ್ಕಳಿಂದ ಒಂದೆರಡು ದೊಡ್ಡ ಕಾಲೇಜುಗಳಿಗೆ ಅರ್ಜಿ ಹಾಕಿಸಿ ಎಂದು ನಾನು ಹೇಳುವುದು ಇದಕ್ಕೇ.

ಅರ್ಜಿ ಹಾಕುವ ಕೆಲಸ ಈಗ ಹೆಚ್ಚಾಗಿ 'ಕಾಮನ್ ಆ್ಯಪ್' ಮೂಲಕ ನಡೆಯುತ್ತದೆ. ಒಂದೇ ಅರ್ಜಿ, ಸಾವಿರಕ್ಕೂ ಹೆಚ್ಚು ಕಾಲೇಜುಗಳು. ಬಡ ಮಕ್ಕಳು ಶುಲ್ಕ ವಿನಾಯಿತಿಯನ್ನು ಅಲ್ಲೇ ಕೇಳಬಹುದು. ಅದರಲ್ಲಿ 'ಚಟುವಟಿಕೆಗಳು' ಅಂತ ಒಂದು ಭಾಗ ಇದೆ. ಹತ್ತು ಜಾಗ ಕೊಟ್ಟಿರುತ್ತಾರೆ. ಎಷ್ಟೋ ಮಕ್ಕಳು ಅದನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿ ನೀವು ಪಕ್ಕದಲ್ಲಿದ್ದರೆ ಮಾತು ಹೀಗೆ ನಡೆಯುತ್ತದೆ.

'ಶಾಲೆ ಬಿಟ್ಟ ಮೇಲೆ ಏನು ಮಾಡ್ತೀಯಮ್ಮ?'

'ಏನೂ ಇಲ್ಲ. ಮನೆಗೆ ಹೋಗ್ತೀನಿ.'

'ಮನೆಗೆ ಹೋಗಿ?'

'ದಾರೀಲಿ ತಮ್ಮನ್ನ ಕರ್ಕೊಂಡು ಹೋಗ್ತೀನಿ. ಅಮ್ಮ ಕೆಲಸದಿಂದ ಬರೋದು ಎಂಟು ಗಂಟೆಗೆ. ಅಷ್ಟರಲ್ಲಿ ಅಡುಗೆ ಮಾಡಿ ಅವನಿಗೆ ಹೋಂವರ್ಕ್ ಮಾಡಿಸ್ತೀನಿ.'

'ದಿನಾ?'

'ದಿನಾ.'

ದಿನಕ್ಕೆ ನಾಲ್ಕೈದು ಗಂಟೆ ಒಂದು ಮನೆಯನ್ನೇ ಹೊತ್ತಿರುವ ಹುಡುಗಿ 'ಏನೂ ಇಲ್ಲ' ಅನ್ನುತ್ತಾಳೆ. ಆ ಪಟ್ಟಿಯಲ್ಲಿ 'ಕುಟುಂಬದ ಜವಾಬ್ದಾರಿ' ಎಂದೇ ಒಂದು ವಿಭಾಗ ಇದೆ. ಸಂಬಳದ ಕೆಲಸಕ್ಕೂ ಒಂದು ವಿಭಾಗ ಇದೆ. ಚರ್ಚಾಸ್ಪರ್ಧೆ, ಪಿಯಾನೊ, ಫುಟ್‌ಬಾಲ್ ಮಾತ್ರ ಲೆಕ್ಕ ಅಂತ ಅವಳು ಅಂದುಕೊಂಡಿದ್ದಾಳೆ. ಅದು ಹಾಗಲ್ಲ ಎಂದು ಪೋಸ್ಟರ್ ಅಂಟಿಸಿ ಹೇಳಲಾಗುವುದಿಲ್ಲ. ಯಾಕೆಂದರೆ ತನ್ನ ಬಳಿ ಹೇಳುವಂಥದ್ದು ಇದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ. ಅರ್ಜಿಯ ಜೊತೆ ಮಗು ತನ್ನ ಬಗ್ಗೆ ಬರೆಯಬೇಕಾದ ಪ್ರಬಂಧದ ವಿಷಯವೂ ಅಷ್ಟೇ. 650 ಪದಗಳ ಒಳಗೆ ಬರೆಯಬೇಕು. ನೀವು ಬರೆದುಕೊಡಬೇಡಿ. ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ, 'ಈಗ ಹೇಳಿದೆಯಲ್ಲ, ಅದನ್ನೇ ಬರಿ' ಅನ್ನಿ. ದೊಡ್ಡವರು ತಿದ್ದಿ ತಿದ್ದಿ ನುಣುಪು ಮಾಡಿದ ಪ್ರಬಂಧದಲ್ಲಿ ಮಗು ಕಾಣುವುದಿಲ್ಲ.

ಎಸ್‌ಎಟಿ, ಎಸಿಟಿ ಅಂಕ ಕಳಿಸಬೇಕಾ ಬೇಡವಾ ಅನ್ನುವುದೂ ಇಂಥದೇ ತೊಡಕು. ಕೋವಿಡ್ ಕಾಲದಲ್ಲಿ ಹೆಚ್ಚಿನ ಕಾಲೇಜುಗಳು ಅದನ್ನು ಐಚ್ಛಿಕ ಮಾಡಿದವು. ಡಾರ್ಟ್‌ಮತ್ ಲೆಕ್ಕ ನೋಡಿದಾಗ, ಅಂಕ ಕಳಿಸಿದ್ದರೆ ಅನುಕೂಲವೇ ಆಗುತ್ತಿದ್ದ ಬಡ ಮಕ್ಕಳು 'ಇದು ಸಾಲದು' ಎಂದು ಮುಚ್ಚಿಟ್ಟಿದ್ದು ಗೊತ್ತಾಯಿತು. 2024ರಲ್ಲಿ ಅದು ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. ಎಂಐಟಿ 2022ರಲ್ಲೇ ಮಾಡಿತ್ತು. ಕಾಲೇಜುಗಳು ಮಗುವಿನ ಅಂಕವನ್ನು ಅದು ಓದಿದ ಶಾಲೆಯ ಜೊತೆ ಇಟ್ಟು ನೋಡುತ್ತವೆ. ಇಂಟರ್‌ನೆಟ್‌ನಲ್ಲಿ ಕಾಣುವ ಸರಾಸರಿಗಿಂತ ಸ್ವಲ್ಪ ಕಡಿಮೆ ಇದ್ದ ಮಾತ್ರಕ್ಕೆ ಬಚ್ಚಿಡಬಾರದು.

'ಅರ್ಲಿ ಡಿಸಿಷನ್' ಬಗ್ಗೆ ಒಂದೇ ಮಾತು. ನವೆಂಬರ್‌ನಲ್ಲಿ ಒಂದೇ ಕಾಲೇಜಿಗೆ ಹಾಕಿ, ಸಿಕ್ಕರೆ ಸೇರುತ್ತೇನೆ ಎಂದು ಮಾತು ಕೊಡುವ ದಾರಿ ಅದು. ಹಣ ಹೊಂದದಿದ್ದರೆ ಬಿಡಿಸಿಕೊಳ್ಳಬಹುದು. ಆದರೆ ನಾಲ್ಕು ಕಾಲೇಜುಗಳ ನೆರವನ್ನು ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ಹಣದ ಚಿಂತೆ ಇರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ.

ಹೋಲಿಸಿ ನೋಡುವುದೂ ಸುಲಭ ಅಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಸೀಟಿನ ಜೊತೆ ನೆರವಿನ ಪತ್ರ ಬರುತ್ತದೆ. ಒಂದು ಪತ್ರ ಹೀಗಿದೆ ಅಂದುಕೊಳ್ಳಿ. ವರ್ಷದ ಖರ್ಚು 42,000 ಡಾಲರ್. ಕಾಲೇಜಿನ ಸ್ಕಾಲರ್‌ಶಿಪ್ 15,000. ಸರ್ಕಾರದ ಪೆಲ್ ಗ್ರಾಂಟ್ 7,395. ವರ್ಕ್-ಸ್ಟಡಿ 2,500. ಡೈರೆಕ್ಟ್ ಸಬ್ಸಿಡೈಸ್ಡ್ 3,500. ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ 2,000. ಪೇರೆಂಟ್ ಪ್ಲಸ್ 11,605. ಕೆಳಗೆ ದಪ್ಪ ಅಕ್ಷರದಲ್ಲಿ: ಒಟ್ಟು ನೆರವು 42,000. ನೀವು ಕೊಡಬೇಕಾದ್ದು 0.

ಮನೆಯವರು ಖುಷಿಯಿಂದ ಅತ್ತುಬಿಡುತ್ತಾರೆ. ಒಂದು ಪೆನ್ನು ತೆಗೆದುಕೊಂಡು ಕೂರಿ. ವಾಪಸ್ ಕೊಡಬೇಕಿಲ್ಲದ್ದು ಮೊದಲ ಎರಡು ಸಾಲು ಮಾತ್ರ, 22,395. ವರ್ಕ್-ಸ್ಟಡಿ ಅಂದರೆ ಮಗು ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಗಳಿಸಬೇಕಾದ ಹಣ. ಕೊನೆಯ ಮೂರೂ ಸಾಲ. 5,500 ಮಗುವಿನ ಹೆಸರಿನಲ್ಲಿ, 11,605 ತಂದೆ ಅಥವಾ ತಾಯಿಯ ಹೆಸರಿನಲ್ಲಿ. ಹೀಗೇ ಹೋದರೆ ನಾಲ್ಕು ವರ್ಷಕ್ಕೆ ಸುಮಾರು 68,000 ಡಾಲರ್ ಸಾಲ, ಬಡ್ಡಿ ಬೇರೆ. 'ಸೊನ್ನೆ' ಎಂದು ಬರೆದಿದ್ದ ಪತ್ರದ ನಿಜವಾದ ವರ್ಷದ ಬೆಲೆ 19,605.

ಇದು ನಾನು ಕಟ್ಟಿದ ಉದಾಹರಣೆ, ಆದರೆ ಪತ್ರಗಳ ರೀತಿ ಹೀಗೇ ಇರುತ್ತದೆ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2022ರಲ್ಲಿ ವರದಿ ಕೊಟ್ಟಿತು. ಶೇ. 91ರಷ್ಟು ಕಾಲೇಜುಗಳು ನಿಜವಾದ ಖರ್ಚನ್ನು ಪತ್ರದಲ್ಲಿ ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ತೋರಿಸುತ್ತವೆ. ನ್ಯೂ ಅಮೆರಿಕ ಮತ್ತು ಯುಆ್ಯಸ್ಪೈರ್ ಎಂಬ ಸಂಸ್ಥೆಗಳು 2018ರಲ್ಲಿ ನೂರಾರು ಕಾಲೇಜುಗಳ ಪತ್ರಗಳನ್ನು ತೆರೆದು ನೋಡಿದವು. ಅನ್‌ಸಬ್ಸಿಡೈಸ್ಡ್ ಸಾಲ ಎಂಬ ಒಂದೇ ಸಾಲಕ್ಕೆ 136 ಬೇರೆ ಬೇರೆ ಹೆಸರುಗಳಿದ್ದವು. ಅದರಲ್ಲಿ 24 ಹೆಸರುಗಳಲ್ಲಿ 'ಸಾಲ' ಎಂಬ ಪದವೇ ಇರಲಿಲ್ಲ. ಹದಿನೇಳು ವರ್ಷದ ಮಗುವಿಗೆ ಸಾಲವನ್ನು ಸಾಲ ಎಂದು ಹೇಳದೆ ಕೊಡುವುದು ತಪ್ಪು. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಕಾನೂನಿನಲ್ಲೇ ಒಂದು ಏಕರೂಪದ ಪತ್ರ ಕಡ್ಡಾಯ ಆಗಬೇಕು.

ಸೀಟು ಒಪ್ಪಿಕೊಂಡ ಮೇಲೆ ಎಲ್ಲ ಮುಗಿಯಿತು ಅಂತ ಕೈತೊಳೆದುಕೊಳ್ಳುವವರೇ ಜಾಸ್ತಿ. ಅಲ್ಲೇ ಕೊನೆಯ ಜಾರುವಿಕೆ ಆಗುತ್ತದೆ. ಕಾಲೇಜು ಸೇರುತ್ತೇನೆ ಎಂದು ಬೇಸಿಗೆಯ ಮೊದಲು ಹೇಳಿದ ಮಕ್ಕಳಲ್ಲಿ ಶೇ. 10ರಿಂದ 20ರಷ್ಟು ಮಂದಿ ಸೆಮಿಸ್ಟರ್ ಶುರುವಾದಾಗ ಎಲ್ಲೂ ಇರುವುದಿಲ್ಲ ಎಂದು ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಗುರುತಿಸಿದರು. ಬಡ ಮಕ್ಕಳಲ್ಲಿ ಇದು ಇನ್ನೂ ಜಾಸ್ತಿ. ಹೈಸ್ಕೂಲ್ ಮುಗಿದಿರುತ್ತದೆ, ಕೌನ್ಸೆಲರ್ ರಜೆಯಲ್ಲಿರುತ್ತಾರೆ, ಕಾಲೇಜು ಇನ್ನೂ ಶುರುವಾಗಿರುವುದಿಲ್ಲ. ಆ ಎರಡು ತಿಂಗಳು ಮಗು ಯಾರಿಗೂ ಸೇರಿದ್ದಲ್ಲ. ಆದರೆ ಕಾಲೇಜಿನಿಂದ ಇಮೇಲ್ ಬರುತ್ತಲೇ ಇರುತ್ತದೆ. ಹಾಸ್ಟೆಲ್ ಮುಂಗಡ, ಲಸಿಕೆ ಪತ್ರ, ಆದಾಯ ದೃಢೀಕರಣ, ಓರಿಯಂಟೇಷನ್ ದಿನಾಂಕ.

2016ರಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ ಹೊಸ ಮಕ್ಕಳ ಫೋನಿಗೆ ಒಂದು ಚಾಟ್‌ಬಾಟ್ ಕೊಟ್ಟಿತು. ಆಗ ಹೀಗೆ ಜಾರಿಹೋಗುವವರು ಸುಮಾರು ಐದನೇ ಒಂದು ಭಾಗ ಕಡಿಮೆಯಾದರು. ಸಂದೇಶಗಳಿಂದ ಪರಿಣಾಮ ಸೊನ್ನೆ ಎಂದು ಮೇಲೆ ಹೇಳಿದೆನಲ್ಲ, ಇಲ್ಲಿ ಯಾಕೆ ಕೆಲಸ ಮಾಡಿತು? ಅದು ಎಲ್ಲರಿಗೂ ಒಂದೇ ಮಾತು ಹೇಳುತ್ತಿರಲಿಲ್ಲ. ಮಗು ಸೇರಲಿರುವ ಕಾಲೇಜಿನಿಂದಲೇ ಬರುತ್ತಿತ್ತು. 'ನಿನ್ನ ಈ ಕಾಗದ ಇನ್ನೂ ಬಂದಿಲ್ಲ' ಎಂದು ಆ ಮಗುವಿನ ಬಾಕಿ ಕೆಲಸವನ್ನೇ ಹೆಸರು ಹಿಡಿದು ಹೇಳುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಪ್ರಶ್ನೆ ಕೇಳಿದರೂ ಉತ್ತರ ಬರುತ್ತಿತ್ತು.

ಚಾಟ್‌ಬಾಟ್ ಇಲ್ಲದ ಕಾಲೇಜಿಗೆ ಸೇರುವ ಮಗು ನಿಮ್ಮ ಪರಿಚಯದಲ್ಲಿದ್ದರೆ ಜೂನ್‌ನಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ ಫೋನ್ ಮಾಡಿ. 'ಎಲ್ಲ ಆಯ್ತಾ?' ಎಂದು ಕೇಳಿದರೆ 'ಆಯ್ತು' ಅಂತಲೇ ಹೇಳುತ್ತಾರೆ. ಕಾಲೇಜಿನ ಇಮೇಲ್ ತೆರೆಸಿ, ಓದದೆ ಬಿಟ್ಟದ್ದನ್ನು ಒಂದೊಂದಾಗಿ ಜೊತೆಗೇ ಓದಿ. ಅದರಲ್ಲಿ ಆರೋಗ್ಯ ವಿಮೆಯ ಬಗ್ಗೆ ಒಂದು ಇರುತ್ತದೆ. ಮನೆಯವರ ವಿಮೆ ಇದೆ ಎಂದು ಗಡುವಿನೊಳಗೆ ತಿಳಿಸದಿದ್ದರೆ ಅನೇಕ ಕಾಲೇಜುಗಳು ತಮ್ಮ ವಿಮೆಯ ಹಣವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಿಬಿಡುತ್ತವೆ. ಮೊದಲು ಅದನ್ನು ಹುಡುಕಿ.